ಬೋಳಗುಡ್ಡದ ಎರಡು ಸಾವಿರ ಅಡಿ

ಬೈಲಹೊಂಗಲದ ಪೋಸ್ಟ್‌ಮನ್ ಶಟ್ಟೆಪ್ಪ ತನ್ನ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಪರರ ಪತ್ರವನ್ನು ಒಂದು ದಿನವೂ ತಡಮಾಡಿ ಮುಟ್ಟಿಸಿದವನಲ್ಲ. ಆದರೆ 2003ರ ದೀಪಾವಳಿ ಮುಗಿದ ವಾರ ತನ್ನ ಮನೆಯದೇ ವಿಳಾಸ ಹೊತ್ತು ಒಂದು ಇಂಗ್ಲಿಷ್ ಪತ್ರ ಬಂದಾಗ, ಅಂಚೆ ಕಚೇರಿಯಿಂದ ಮನೆಗೆ ಅರ್ಧ ಫರ್ಲಾಂಗು ದಾರಿ ಸವೆಸಲು ಆತನಿಗೆ ನಾಲ್ಕು ತಾಸು ಹಿಡಿಯಿತು. ಮೊದಲು ಪೇಟೆಯ ಅಡತಿ ಅಂಗಡಿಗಳಲ್ಲಿ ತೋರಿಸಿದ. ಆಮೇಲೆ ಬ್ಯಾಂಕಿನ ಕ್ಲಾರ್ಕನಿಂದ ಓದಿಸಿದ. ಕ್ಲಾರ್ಕ ಹೇಳಿದ್ದರಲ್ಲಿ ನಂಬಿಕೆ ಬಾರದೆ ಬಸ್‌ಸ್ಟ್ಯಾಂಡಿನಲ್ಲಿ ಧಾರವಾಡ ಬಸ್ಸಿನ ಕಂಡಕ್ಟರನಿಂದ ಮತ್ತೊಮ್ಮೆ ಓದಿಸಿದ. ಸಮ್ಮೇಳನ ಎಂದರೆ ಭಾಷಣ ಎಂದೇ ಇಬ್ಬರೂ ಬಿಡಿಸಿ ಹೇಳಿದರು. ಪತ್ರ ಮನೆ ಮುಟ್ಟುವ ಹೊತ್ತಿಗೆ, ಶಟ್ಟೆಪ್ಪನ ಮಗ ಭೀಮಶಿ ದೇಶದ ದೊಡ್ಡ ದೊಡ್ಡ ವಿಜ್ಞಾನಿಗಳ ಮುಂದೆ ನವಿಲುತೀರ್ಥದಲ್ಲಿ ಭಾಷಣ ಮಾಡಲಿದ್ದಾನೆ ಎಂಬುದು ಊರಿಗೆಲ್ಲ ಗೊತ್ತಾಗಿತ್ತು. ಗೊತ್ತಿಲ್ಲದವನು ಭೀಮಶಿ ಒಬ್ಬನೇ. ಆತ ಹಿತ್ತಲಲ್ಲಿ ಕಲ್ಲು ತೊಳೆಯುತ್ತ ಕೂತಿದ್ದ.

ಭೀಮಶಿ ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದ. ಪತ್ರದಲ್ಲಿ ಇದ್ದದ್ದು ಇಷ್ಟು: ನವಿಲುತೀರ್ಥದ ಅಣೆಕಟ್ಟೆಯ ಹತ್ತಿರದ ಸಭಾಭವನದಲ್ಲಿ ಎರಡು ದಿನ ಪ್ರಾದೇಶಿಕ ಭೂವಿಜ್ಞಾನ ಸಮ್ಮೇಳನ ನಡೆಯಲಿದೆ, ಎರಡನೆಯ ದಿನ ಸುತ್ತಲಿನ ಗುಡ್ಡಗಳ ವೀಕ್ಷಣೆ ಇದೆ, ತಮ್ಮ ಸಂಶೋಧನೆಯನ್ನು ಪೋಸ್ಟರ್ ರೂಪದಲ್ಲಿ ಪ್ರದರ್ಶಿಸಲು ಒಪ್ಪಿಗೆ ಕೊಡಲಾಗಿದೆ, ಪೋಸ್ಟರ್ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ ಇರತಕ್ಕದ್ದು, ಪಿನ್ನುಗಳನ್ನು ತಾವೇ ತರತಕ್ಕದ್ದು.

ಬೈಲಹೊಂಗಲದಲ್ಲಿ ಪೋಸ್ಟರ್ ಎಂದರೆ ಮೂತ್ರಿಖಾನೆಯ ಗೋಡೆಗೆ ಮೈದಾ ಅಂಟಿನಿಂದ ಹಚ್ಚುವ ಸಿನಿಮಾ ಹಾಳೆ. ಹದಿನೇಳು ವರ್ಷ ಓದಿ ಮಗ ಪೋಸ್ಟರ್ ಹಚ್ಚಲು ಹೋಗುತ್ತಾನೆ ಎಂದು ತಂದೆಗೆ ಹೇಳಲು ಭೀಮಶಿಯ ನಾಲಿಗೆ ಏಳಲಿಲ್ಲ. ಎಷ್ಟು ಹೊತ್ತಿನ ಭಾಷಣ ಎಂದು ಶಟ್ಟೆಪ್ಪ ಕೇಳಿದ. ಭೀಮಶಿ ಕೈಯಲ್ಲಿದ್ದ ಕಲ್ಲನ್ನು ಮತ್ತೊಮ್ಮೆ ನೀರಲ್ಲಿ ಅದ್ದಿ, ಹದಿನೈದು ನಿಮಿಷ ಎಂದ. ಅಷ್ಟೇ ಆತ ಹೇಳಿದ ಸುಳ್ಳು. ಉಳಿದದ್ದನ್ನೆಲ್ಲ ಊರಿನವರೇ ಪೂರೈಸಿದರು.

ಮೊದಲು ಪೂರೈಸಿದವನು ಸೋಮಪ್ಪ. ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದ ಸೋಮಪ್ಪ ನಾಲ್ಕು ಪುಟದ ವಾರಪತ್ರಿಕೆಯೊಂದರ ಸಂಪಾದಕ, ವರದಿಗಾರ, ಪ್ರೂಫ್ ತಿದ್ದುವವ ಎಲ್ಲವೂ ಆಗಿದ್ದ. ಕೊನೆಯ ಕೆಲಸವನ್ನು ಮಾತ್ರ ಸಾಮಾನ್ಯವಾಗಿ ಮಾಡುತ್ತಿರಲಿಲ್ಲ. ಆತ ಭೀಮಶಿಯನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿ, ನೀ ಕಂಡುಹಿಡಿದಿದ್ದೇನು ಎಂದು ಕೇಳಿದ. ತನ್ನನ್ನು ಯಾರೂ ಎಂದೂ ಕೇಳದ ಈ ಪ್ರಶ್ನೆಯಿಂದ ಭೀಮಶಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ರಾಮದುರ್ಗದ ಕಡೆ ಹೋಗುವ ದಾರಿಯಲ್ಲಿ ಬೋಳಗುಡ್ಡ ಎಂಬ ಗುಡ್ಡವಿದೆ. ಅದರ ತೆಂಕಣ ಬದಿಗೆ ಹಳ್ಳದ ದಂಡೆಯಲ್ಲಿ ಕೆಳಗಿನ ಕಲ್ಲಿನ ಪದರಗಳು ಓರೆಯಾಗಿ ನಿಂತಿವೆ, ಮೇಲಿನವು ಚಾಪೆ ಹಾಸಿದಂತೆ ಅಡ್ಡ ಮಲಗಿವೆ. ಎರಡರ ನಡುವೆ ಒಂದು ಗೆರೆ ಇದೆ. ಆ ಗೆರೆಯಿದ್ದಲ್ಲಿ ಒಂದು ಕಾಲಕ್ಕೆ ಎರಡು ಸಾವಿರ ಅಡಿ ದಪ್ಪದ ಕಲ್ಲಿತ್ತು. ನೂರು ಕೋಟಿ ವರ್ಷಗಳ ಹಿಂದೆ ಮಳೆ, ಗಾಳಿಗೆ ಸವೆದು ಅದು ಕಾಣೆಯಾಗಿದೆ. ಇದನ್ನು ಭೀಮಶಿ ಮುಕ್ಕಾಲು ತಾಸು ಹೇಳಿದ. ಸೋಮಪ್ಪ ಎಲ್ಲವನ್ನೂ ಬರೆದುಕೊಂಡ. ಆದರೆ ಆ ವಾರ ಗೊಬ್ಬರದ ಅಂಗಡಿಯವರ ಜಾಹೀರಾತು ಕೊನೆ ಗಳಿಗೆಯಲ್ಲಿ ಬಂದದ್ದರಿಂದ ಪತ್ರಿಕೆಯಲ್ಲಿ ನೂರು ಕೋಟಿ ವರ್ಷಗಳಿಗೆ ಜಾಗ ಸಿಗಲಿಲ್ಲ. ಮಳೆ, ಗಾಳಿಗಳೂ ಅವುಗಳ ಜೊತೆಗೇ ಹೋದವು. ಉಳಿದದ್ದು ಹೀಗೆ ಅಚ್ಚಾಯಿತು:

"ಬೋಳಗುಡ್ಡದ ಎರಡು ಸಾವಿರ ಅಡಿ ಕಲ್ಲು ಮಾಯ. ನವಿಲುತೀರ್ಥದಲ್ಲಿ ದಾಖಲೆ ಸಮೇತ ಬಯಲು ಮಾಡಲಿರುವ ಬೈಲಹೊಂಗಲದ ಯುವ ವಿಜ್ಞಾನಿ."

ಭೀಮಶಿ ಇದರಲ್ಲಿ ಓದಿದ್ದು ಕೊನೆಯ ಶಬ್ದವನ್ನು ಮಾತ್ರ. ಅದನ್ನು ಎಷ್ಟು ಸಲ ಓದಿದನೆಂದರೆ ಮೊದಲಿನ ಶಬ್ದಗಳ ಕಡೆ ಹೋಗಲು ವೇಳೆಯೇ ಸಿಗಲಿಲ್ಲ.

ಮೊದಲಿನ ಶಬ್ದಗಳನ್ನು ಓದಿದವನು ಬೇರೆ ಇದ್ದ. ಬೋಳಗುಡ್ಡದ ಮೂಡಣ ಬದಿಗೆ ಬಸಲಿಂಗಪ್ಪನ ಕಲ್ಲುಕ್ವಾರಿ ಇತ್ತು. ಎರಡು ಎಕರೆಗೆ ಪರವಾನಗಿ. ಎರಡು ಎಕರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಬಸಲಿಂಗಪ್ಪ ಆಯಾ ವರ್ಷದ ಗಿರಾಕಿ ನೋಡಿ ತೀರ್ಮಾನಿಸುತ್ತಿದ್ದ. ಪತ್ರಿಕೆ ಕೈಗೆ ಬಂದ ಮರುದಿನವೇ ಆತ ಜೀಪು ತೆಗೆದುಕೊಂಡು, ಒಂದು ಡಬ್ಬಿ ಬೆಳಗಾವಿ ಕುಂದಾ ಹಿಡಿದುಕೊಂಡು ಶಟ್ಟೆಪ್ಪನ ಮನೆ ಮುಂದೆ ಇಳಿದ.

ಜೀಪು, ಕುಂದಾ, ಶುಭ್ರ ಧೋತರ ಮೂರನ್ನೂ ಒಟ್ಟಿಗೆ ಕಂಡ ತಾಯಿ ಕಾಡವ್ವನಿಗೆ ಇದು ಹೆಣ್ಣು ಕೊಡಲು ಬಂದವರ ಲಕ್ಷಣವಾಗಿ ಕಂಡಿತು. ಆಕೆ ಒಳಗೆ ಹೋಗಿ ಉಪ್ಪಿಟ್ಟಿಗೆ ಇಟ್ಟಳು. ಹೊರಗೆ ಬಸಲಿಂಗಪ್ಪ ಕೈ ಮುಗಿದು, ತಾವು ಎಷ್ಟು ಅಡಿ ಅಂತ ಹೇಳೂದೈತಿ ಎಂದು ವಿನಯದಿಂದ ಕೇಳಿದ.

"ಎರಡು ಸಾವಿರ. ಇನ್ನೂ ಜಾಸ್ತಿನ ಇರಬಹುದು," ಎಂದ ಭೀಮಶಿ.

ಬಸಲಿಂಗಪ್ಪ ಬೆವರು ಒರೆಸಿಕೊಂಡ. "ಖರೆ ಹೇಳತೇನಿ ಸರ್, ನಾ ಅರವತ್ತು ಅಡಿ ಮ್ಯಾಲ ಹೋಗಿಲ್ಲ. ಉಳಿದದ್ದ ಯಾರ ಒಯ್ದಾರ?"

"ನೀರು ಒಯ್ದೈತ್ರಿ. ಮುಖ್ಯವಾಗಿ ನೀರ."

ನೀರು ಎಂದರೆ ನೀರಾವರಿಯವರು ಎಂದು ಬಸಲಿಂಗಪ್ಪನಿಗೆ ಕೂಡಲೇ ಹೊಳೆಯಿತು. ಕಾಲುವೆ ಕಟ್ಟುವಾಗ ಕಲ್ಲು ಎಲ್ಲಿಂದ ಬಂತು ಎಂಬ ಅನುಮಾನ ಆತನಿಗೆ ಮೊದಲಿನಿಂದಲೂ ಇತ್ತು. ಯಾವಾಗ ಒಯ್ದಾರ ಎಂದು ಕೇಳಿದ. ಭಾಳ ಹಿಂದ ಎಂದ ಭೀಮಶಿ. ಹಿಂದಿನ ಪಂಚಾಯ್ತಿ ಇದ್ದಾಗೇನು ಎಂದ ಬಸಲಿಂಗಪ್ಪ. ಅದಕ್ಕೂ ಹಿಂದ ಎಂದ ಭೀಮಶಿ. ಹಳ್ಳಿಯ ಗೃಹಸ್ಥರೊಬ್ಬರು ಭೂಮಿಯ ಇತಿಹಾಸವನ್ನು ಪಂಚಾಯ್ತಿಗಳಲ್ಲಿ ಅಳೆಯುವ ರೀತಿ ಆತನಿಗೆ ಬಹಳ ಹಿಡಿಸಿತು.

ಇದಕ್ಕೆಲ್ಲ ಪುರಾವೆ ಏನು ಎಂಬುದು ಬಸಲಿಂಗಪ್ಪನ ಕೊನೆಯ ಪ್ರಶ್ನೆ. ಪುರಾವೆ ಅಲ್ಲೇ ಕಲ್ಲಿನಲ್ಲಿದೆ, ಆ ಗೆರೆ ನೋಡಿದವರಿಗೆ ಬೇರೆ ಸಾಕ್ಷಿ ಬೇಡ, ಸಮ್ಮೇಳನದ ಎರಡನೆಯ ದಿನ ಅರವತ್ತು ಮಂದಿ ವಿಜ್ಞಾನಿಗಳು ಎರಡು ಬಸ್ಸಿನಲ್ಲಿ ಅದನ್ನು ನೋಡಲಿಕ್ಕೇ ಬರುತ್ತಾರೆ ಎಂದು ಭೀಮಶಿ ಹುಮ್ಮಸ್ಸಿನಿಂದ ಹೇಳಿದ. ಆ ಜಾಗ ಖಾಸ್ ಎಲ್ಲಿ ಎಂದು ಬಸಲಿಂಗಪ್ಪ ಕೇಳಿದಾಗ, ಸಾಮಾನ್ಯ ಜನರಲ್ಲಿ ಭೂವಿಜ್ಞಾನದ ಆಸಕ್ತಿ ಬೆಳೆಯುತ್ತಿದೆ ಎಂದು ಸಂತೋಷಪಟ್ಟು, ಕುಂದಾ ಡಬ್ಬಿಯ ಮುಚ್ಚಳದ ಮೇಲೆಯೇ ನಕಾಶೆ ಬರೆದುಕೊಟ್ಟ. ಹಳ್ಳ, ಜಾಲಿಗಿಡ, ಗೆರೆ, ಉತ್ತರ ದಿಕ್ಕಿನ ಬಾಣ ಯಾವುದನ್ನೂ ಬಿಡಲಿಲ್ಲ. ಬಸಲಿಂಗಪ್ಪ ಕುಂದಾ ಬಿಟ್ಟು ಮುಚ್ಚಳ ತೆಗೆದುಕೊಂಡು ಹೋದ. ಕಾಡವ್ವ ಉಪ್ಪಿಟ್ಟು ತರುವಷ್ಟರಲ್ಲಿ ಜೀಪಿನ ಧೂಳು ಮಾತ್ರ ಇತ್ತು. ಹುಡುಗಿಗೆ ಎಷ್ಟು ಕಲಿಸ್ಯಾರಂತ ಎಂದು ಆಕೆ ಕೇಳಿದಳು. ಯಾವ ಹುಡುಗಿ ಎಂದು ಮಗ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಳು.

ಸಮ್ಮೇಳನದ ದಿನ ಭೀಮಶಿ ಪೋಸ್ಟರನ್ನು ಸುರುಳಿ ಸುತ್ತಿ ಮುಂಜಾನೆಯ ಬಸ್ಸಿಗೇ ಹೊರಟ. ಸಭಾಭವನದ ಒಳಗೆ ಭಾಷಣಗಳು. ಪೋಸ್ಟರುಗಳಿಗೆ ಹೊರಗಿನ ಪಡಸಾಲೆ. ಅದರಲ್ಲೂ ಭೀಮಶಿಗೆ ಸಿಕ್ಕದ್ದು ಕೊನೆಯ ಬೋರ್ಡು, ಕೈ ತೊಳೆಯುವ ನಳದ ಪಕ್ಕ. ಆತನ ಪ್ರಾಧ್ಯಾಪಕಿ ನಾಗರತ್ನಾ ಮೇಡಂ ಬಂದು ನೋಡಿ, ಎರಡು ಕಾಗುಣಿತ ತಪ್ಪು ತೋರಿಸಿ, ಪುಣೆಯಿಂದ ಹಿರಿಯ ವಿಜ್ಞಾನಿಯೊಬ್ಬರು ಬಂದಿದ್ದಾರೆ, ಅವರ ಯೋಜನೆಯಲ್ಲಿ ಒಬ್ಬ ಸಂಶೋಧನಾ ಸಹಾಯಕನ ಜಾಗ ಇದೆ, ನಾಳೆ ಗುಡ್ಡದ ಮೇಲೆ ಅವರ ಮುಂದೆ ಸರಿಯಾಗಿ ಮಾತಾಡು ಎಂದು ಹೇಳಿ ಒಳಗೆ ಹೋದರು.

ಹನ್ನೊಂದಕ್ಕೆ ಶಟ್ಟೆಪ್ಪ ಬಂದ. ಟೆಂಪೋ ಮಾಡಿಕೊಂಡು, ಕಾಡವ್ವನನ್ನೂ ಓಣಿಯ ಒಂಬತ್ತು ಮಂದಿಯನ್ನೂ ಕರೆದುಕೊಂಡು, ಹೂವಿನ ಹಾರ ಹಿಡಿದು ಭಾಷಣ ಕೇಳಲು ಬಂದ. ಬಾಗಿಲಲ್ಲಿ ತಡೆದಿದ್ದರಿಂದ ಎಲ್ಲರೂ ಪಡಸಾಲೆಯ ಕಟ್ಟೆಯ ಮೇಲೆ ಸಾಲಾಗಿ ಕೂತರು. ಭೀಮಶಿ ಅವರನ್ನು ನೋಡಿ ನಳದ ಹಿಂದೆ ಸರಿದ. ಆದರೆ ಊಟದ ಹೊತ್ತಿಗೆ ವಿಜ್ಞಾನಿಗಳೆಲ್ಲ ಕೈ ತೊಳೆಯಲು ಸಾಲು ಹಚ್ಚಿದರು. ನಿಂತಲ್ಲಿ ಬೇರೇನೂ ನೋಡಲು ಇಲ್ಲದ್ದರಿಂದ ಪೋಸ್ಟರ್ ನೋಡಿದರು. ಭೀಮಶಿ ಎದುರಿಗೇ ನಿಂತಿದ್ದರಿಂದ ಒಂದು ಪ್ರಶ್ನೆಯನ್ನೂ ಕೇಳಿದರು. ಒಬ್ಬೊಬ್ಬರೂ ಒದ್ದೆ ಕೈಯಲ್ಲಿ ಮಗನ ಮುಂದೆ ನಿಂತು ತಲೆಯಾಡಿಸಿ ಹೋಗುವುದನ್ನು ಶಟ್ಟೆಪ್ಪ ನೋಡಿದ. ಉಳಿದವರ ಭಾಷಣವನ್ನು ಒಟ್ಟಿಗೆ ಕೇಳುತ್ತಾರೆ, ನಮ್ಮವನದನ್ನು ಕೈ ತೊಳೆದುಕೊಂಡು ಬಂದು ಒಬ್ಬೊಬ್ಬರೇ ಕೇಳುತ್ತಾರೆ ಎಂದು ಓಣಿಯವರಿಗೆ ವಿವರಿಸಿದ. ಅವರೆಲ್ಲ ಎದ್ದು ನಳದಲ್ಲಿ ಕೈಕಾಲು ತೊಳೆದು, ಸಾಲಿನಲ್ಲಿ ಬಂದು ಪೋಸ್ಟರಿಗೆ ಕೈ ಮುಗಿದರು. ಹಾರವನ್ನು ಶಟ್ಟೆಪ್ಪ ಬೋರ್ಡಿಗೇ ಹಾಕಿದ.

ಆ ಸಾಲಿನಲ್ಲಿ ಕೈ ತೊಳೆಯದೆ ಬಂದವನು ಒಬ್ಬನೇ. ಬಗಲಲ್ಲಿ ಫೈಲು, ಜೇಬಿನಲ್ಲಿ ಮೂರು ಪೆನ್ನು. ಆ ಭಾಗದ ಕಂದಾಯ ನಿರೀಕ್ಷಕ ಲಗಮಪ್ಪ. ಪತ್ರಿಕೆಯ ಸುದ್ದಿ ಮೇಲಿನ ಕಚೇರಿಗೆ ಹೋಗಿ, ಅಲ್ಲಿಂದ 'ಕೂಡಲೇ ವರದಿ ಸಲ್ಲಿಸುವುದು' ಎಂಬ ಟಿಪ್ಪಣಿ ಹೊತ್ತು ಲಗಮಪ್ಪನ ಮೇಜಿಗೆ ಬಂದಿತ್ತು. ಆತ ಯಾರನ್ನೂ ಏನೂ ಕೇಳದೆ ಪೋಸ್ಟರಿನಲ್ಲಿದ್ದ ಅಂಕಿಗಳನ್ನೆಲ್ಲ ಬರೆದುಕೊಂಡ. ಹಾರ ಅಡ್ಡ ಬಂದಲ್ಲಿ ಸರಿಸಿ ಬರೆದುಕೊಂಡ. ಸರಕಾರದವರೂ ನನ್ನ ಕೆಲಸ ಗಮನಿಸುತ್ತಿದ್ದಾರೆ ಎಂದು ಭೀಮಶಿ ಮೇಡಂಗೆ ಹೇಳಿದ.

ಎರಡನೆಯ ದಿನ ಹತ್ತು ಗಂಟೆಗೆ ಎರಡು ಬಸ್ಸು ಬೋಳಗುಡ್ಡದ ಬುಡದಲ್ಲಿ ನಿಂತವು. ಸುತ್ತಿಗೆ, ಟೊಪ್ಪಿಗೆ, ಕ್ಯಾಮೆರಾ ಹಿಡಿದ ಅರವತ್ತು ಮಂದಿಯ ಮುಂದೆ ಭೀಮಶಿ ದಾಪುಗಾಲು ಹಾಕಿ ನಡೆದ. ಹಳ್ಳ ದಾಟಿ ತಿರುಗಿದವನು ಅಲ್ಲೇ ನಿಂತ.

ಗೆರೆ ಇರಲಿಲ್ಲ. ಓರೆ ಕಲ್ಲೂ ಇರಲಿಲ್ಲ, ಅಡ್ಡ ಕಲ್ಲೂ ಇರಲಿಲ್ಲ. ಹಳ್ಳದ ದಂಡೆಯುದ್ದಕ್ಕೂ ಕೆಂಪು ಮಣ್ಣು ಸುರಿದು, ಇಳಿಜಾರು ಮಾಡಿ, ನೀರು ಹೊಡೆದು ಗಟ್ಟಿ ಮಾಡಲಾಗಿತ್ತು. ಅದರ ಮೇಲೆ ಸಾಲಾಗಿ ನಲವತ್ತು ಬೇವಿನ ಸಸಿ. ಸಸಿಗಳ ಮುಂದೆ ಸುಣ್ಣ ಬಳಿದ ಕಲ್ಲು. ಪಕ್ಕದಲ್ಲಿ ಶಾಮಿಯಾನ, ಅದರ ಕೆಳಗೆ ಬಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ಬಸಲಿಂಗಪ್ಪ ಧೋತರದ ಚುಂಗು ಹಿಡಿದು ಓಡಿ ಬಂದು ಪುಣೆಯ ಹಿರಿಯರ ಕೊರಳಿಗೆ ಮಾಲೆ ಹಾಕಿದ.

"ಕಲ್ಲಿನ ಗೆರೆ ಎಲ್ಲಿ?" ಎಂದು ಹಿರಿಯರು ಭೀಮಶಿಯನ್ನು ಕೇಳಿದರು.

"ಇಲ್ಲೇ ಇತ್ತು ಸರ್," ಎಂದ ಭೀಮಶಿ. "ನೂರು ಕೋಟಿ ವರ್ಷದಿಂದ ಇಲ್ಲೇ ಇತ್ತು."

ಬಸಲಿಂಗಪ್ಪ ನಡುವೆ ಬಂದು ಎಲ್ಲರಿಗೂ ಕೇಳುವಂತೆ ಕೈ ಮುಗಿದ. "ಇಲ್ಲಿ ಏನೂ ಕಾಣೆ ಆಗಿಲ್ಲರಿ. ಕಾಣೆ ಆಗಿದ್ದನ್ನೆಲ್ಲ ತುಂಬಿ ಕೊಟ್ಟೇನಿ. ಎರಡು ಸಾವಿರ ಅಡಿ ಒಂದ ವಾರದಾಗ ಆಗಲಿಲ್ಲ. ಎಂಟು ಅಡಿ ಆಗೇತಿ. ಉಳಿದದ್ದಕ್ಕ ವಾಯಿದಾ ಕೊಡ್ರಿ."

ಅರವತ್ತು ವಿಜ್ಞಾನಿಗಳು ಭೂಮಿಯ ಇತಿಹಾಸದಲ್ಲಿನ ಅತಿ ದೊಡ್ಡ ಅಂತರವೊಂದನ್ನು ಹನ್ನೆರಡು ಟಿಪ್ಪರಿನಲ್ಲಿ ತುಂಬಿದ ಮನುಷ್ಯನನ್ನು ನೋಡಿದರು. ಆಮೇಲೆ, ಬೇರೇನೂ ಮಾಡುವಂತಿಲ್ಲದ್ದರಿಂದ, ಮಿರ್ಚಿ ತಿನ್ನತೊಡಗಿದರು. ನಾಗರತ್ನಾ ಮೇಡಂ ತಿನ್ನಲಿಲ್ಲ. ಅವರು ಭೀಮಶಿಯನ್ನು ಪಕ್ಕಕ್ಕೆ ಕರೆದು, ನೀನು ಈ ಮನುಷ್ಯನಿಗೆ ಏನು ಹೇಳಿದ್ದೆ ಎಂದು ಕೇಳಿದರು. ಭೀಮಶಿಗೆ ಕುಂದಾ ಡಬ್ಬಿಯ ಮುಚ್ಚಳ ಕಣ್ಣೆದುರು ಬಂತು. ಉತ್ತರ ದಿಕ್ಕಿನ ಬಾಣವೂ ಬಂತು. ಆತ ಹೊಟ್ಟೆನೋವೆಂದು ಹೇಳಿ ಕೂತುಕೊಂಡ. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ನೋಯಿತು.

ಆಗ ಶಾಮಿಯಾನದ ಮೂಲೆಯಿಂದ ಲಗಮಪ್ಪ ಫೈಲು ಬಿಚ್ಚಿಕೊಂಡು ಬಂದ. ಆತನಿಗೆ ಬೇಕಾಗಿದ್ದದ್ದು ಒಂದೇ: ಕಲ್ಲು ಯಾರು ಒಯ್ದರು. ಭೀಮಶಿ, ಸೋಮಪ್ಪ ಕತ್ತರಿಸಿದ್ದ ವರ್ಷಗಳನ್ನೆಲ್ಲ ಮರಳಿ ಕೂಡಿಸಿ, ಮಳೆ, ಗಾಳಿ, ನೂರು ಕೋಟಿ ವರ್ಷ ಎಂದು ತೊದಲುತ್ತ ವಿವರಿಸಿದ. ಅದನ್ನು ಕೇಳುತ್ತ ಕೇಳುತ್ತ ಬಸಲಿಂಗಪ್ಪನ ಮುಖದಲ್ಲಿ ನಿಧಾನವಾಗಿ ಹೊಸ ಕಳೆ ಬಂತು. ಲಗಮಪ್ಪನ ಮುಖದಲ್ಲೂ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಒಂದ ಮಾತ ಕೇಳತೇನಿ ಸರ್," ಎಂದ ಲಗಮಪ್ಪ. "ಆವಾಗ ಹೋದ ಕಲ್ಲು ಯಾವುದು, ಈಗೀಗ ಹೋದ ಕಲ್ಲು ಯಾವುದು ಅಂತ ಬ್ಯಾರೆ ಮಾಡಾಕ ಬರತೈತೇನು?"

ಭೀಮಶಿ ಮುಗ್ಗರಿಸಿದ್ದು ಇಲ್ಲಿ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕೆಂದು ಹದಿನೇಳು ವರ್ಷ ಕಲಿತವನು ಆತ. ಹೋದ ಕಲ್ಲು ಹೋಗಿಯೇ ಬಿಟ್ಟಿರುವುದರಿಂದ ಅದನ್ನು ನೋಡಿ ಹೇಳಲು ಬರುವುದಿಲ್ಲ ಎಂದ. ಲಗಮಪ್ಪ ಅದನ್ನು ಅಕ್ಷರಶಃ ಬರೆದುಕೊಂಡ. ಬರೆಯುವುದು ಅಲ್ಲಿಗೇ ನಿಲ್ಲಲಿಲ್ಲ. ಬೋಳಗುಡ್ಡದಲ್ಲಿ, ಮೂಡಣ ಬದಿಯ ಕ್ವಾರಿಯೂ ಸೇರಿದಂತೆ, ಕಂಡುಬರುವ ಸಮಸ್ತ ಕಲ್ಲಿನ ಕೊರತೆಯು ನೂರು ಕೋಟಿ ವರ್ಷಗಳ ಹಿಂದೆ ಮಳೆ ಮತ್ತು ಗಾಳಿಯಿಂದ ಆಗಿದ್ದು, ಸದರಿಯವರ ವಿಳಾಸ ಪತ್ತೆಯಾಗದ ಕಾರಣ ಪ್ರಕರಣ ಮುಗಿಸಬಹುದು ಎಂದು ಪಂಚನಾಮೆ ತಯಾರಾಯಿತು. ಕೆಳಗೆ 'ವಿಜ್ಞಾನಿಯ ಸಹಿ' ಎಂದು ಜಾಗ ಬಿಟ್ಟಿತ್ತು.

ಭೀಮಶಿ ಓದಿ, ಮೂಡಣ ಬದಿಯ ಮಾತು ಸರಿಯಲ್ಲ ಎಂದ. ಬಸಲಿಂಗಪ್ಪ ಆತನ ಹೆಗಲ ಮೇಲೆ ಕೈ ಇಟ್ಟು, ಅತ್ತ ನಿಂತಿದ್ದ ಜೆಸಿಬಿ ತೋರಿಸಿದ. ಸಹಿ ಬಿದ್ದ ಗಳಿಗೆಯಲ್ಲಿ ಮಣ್ಣು ತೆಗೆಸುತ್ತೇನೆ, ಒಂದು ತಾಸಿನಲ್ಲಿ ನಿಮ್ಮ ಗೆರೆ ನಿಮಗೆ ಎಂದ. ಪುಣೆಯ ಹಿರಿಯರು ಗಡಿಯಾರ ನೋಡಿಕೊಳ್ಳುತ್ತಿದ್ದರು. ನಾಗರತ್ನಾ ಮೇಡಂ ಬಸ್ಸಿನ ಕಡೆ ತಿರುಗಿದ್ದರು. ಭೀಮಶಿ ಸಹಿ ಮಾಡಿದ. ಕೆಳಗೆ, ಯಾರೂ ಕೇಳದಿದ್ದರೂ, ಕಂಸದಲ್ಲಿ ತನ್ನ ಪೂರ್ಣ ಹೆಸರನ್ನೂ ಬರೆದ.

ಬಸಲಿಂಗಪ್ಪ ಮಾತಿಗೆ ತಪ್ಪುವವನಲ್ಲ. ಜೆಸಿಬಿ ಮಣ್ಣನ್ನು ತೆಗೆಯಿತು. ತೆಗೆಯುವ ಭರದಲ್ಲಿ ನೂರಾರು ವರ್ಷದ ಕೊಳೆ, ಹುಲ್ಲು, ಪಾಚಿಯನ್ನೂ ಕೆರೆದು ಹಾಕಿತು. ಗೆರೆ ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ, ಈಗ ತಾನೇ ಕೊಯ್ದ ಕೇಕಿನಂತೆ ಹೊರಬಂತು. ಹಿರಿಯರು ಮೊಣಕಾಲೂರಿ ಕೂತು ನೋಡಿದರು. ಅರವತ್ತು ಮಂದಿ ಫೋಟೊ ತೆಗೆದರು. ಸಂಜೆ ಅತ್ಯುತ್ತಮ ಪೋಸ್ಟರ್ ಬಹುಮಾನ ಭೀಮಶಿಗೇ ಬಂತು. ಧಾರವಾಡದಲ್ಲೇ ಇದ್ದು ಮಾಡುವ ಸಂಶೋಧನಾ ಸಹಾಯಕನ ಜಾಗವೂ ಬಂತು. ನಲವತ್ತು ಬೇವಿನ ಸಸಿ ಎಲ್ಲಿ ಹೋದವೆಂದು ಯಾರೂ ಕೇಳಲಿಲ್ಲ.

ಒಂದು ವರ್ಷ ಕಳೆದು ಭೀಮಶಿ ಅಳತೆಪಟ್ಟಿ ಹಿಡಿದು ಬೋಳಗುಡ್ಡಕ್ಕೆ ಹೋದಾಗ ಗುಡ್ಡದ ಮೂಡಣ ಅರ್ಧ ಇರಲಿಲ್ಲ. ಕ್ವಾರಿ ಗೆರೆಯಿಂದ ಮೂವತ್ತು ಮಾರು ದೂರದವರೆಗೆ ಬಂದಿತ್ತು. ಆತ ನೇರವಾಗಿ ಕಂದಾಯ ಕಚೇರಿಗೆ ಹೋಗಿ ದೂರು ಬರೆದುಕೊಟ್ಟ. ಲಗಮಪ್ಪ ಪ್ರೀತಿಯಿಂದ ಚಹಾ ಕುಡಿಸಿ ಕಳಿಸಿದ. ಹದಿನೈದು ದಿನಕ್ಕೆ ಧಾರವಾಡದ ಹಾಸ್ಟೆಲಿಗೆ ಒಂದು ಲಕೋಟೆ ಬಂತು. ಬೋಳಗುಡ್ಡದ ಬಗ್ಗೆ ದೂರೊಂದು ಬಂದಿದ್ದು, ದಾಖಲೆಯಲ್ಲಿರುವ ವಿಜ್ಞಾನಿಯು ತಾವೊಬ್ಬರೇ ಆದ ಕಾರಣ, ಸದರಿ ದೂರಿನ ಮೇಲೆ ತಮ್ಮ ತಜ್ಞ ಅಭಿಪ್ರಾಯ ಕಳಿಸಬೇಕೆಂದು ಅದರಲ್ಲಿತ್ತು. ಜೊತೆಗೆ ಇಟ್ಟಿದ್ದ ದೂರು ಭೀಮಶಿಯದೇ. ಇನ್ನೊಂದು ಹಾಳೆ, ಭೀಮಶಿಯ ಸಹಿ ಇದ್ದ ಪಂಚನಾಮೆ.

ಆತ ಎರಡೂ ಹಾಳೆ ಹಿಡಿದು ಮೇಡಂ ಹತ್ತಿರ ಹೋದ. ಪಂಚನಾಮೆ ಸುಳ್ಳೆಂದರೆ ಯೋಜನೆಯ ಜಾಗಕ್ಕೆ ಕುತ್ತು. ಖರೆಯೆಂದರೆ ಗುಡ್ಡ ಹೋಯಿತು. ನಾಗರತ್ನಾ ಮೇಡಂ ಎರಡೂ ಹಾಳೆ ಓದಿ, ಇದರಲ್ಲಿ ಒಂದು ಕಡೆ ನೀನು ಕತ್ತೆ, ಯಾವ ಕಡೆ ಎಂದು ನೀನೇ ಬರೆ ಎಂದರು. ಭೀಮಶಿ ಬರೆದ. ಆ ಸಹಿ ತನ್ನದೇ, ಆಸೆಗೆ ಬಿದ್ದು ಮಾಡಿದ್ದು, ಅದಕ್ಕೆ ಯಾವ ಬೆಲೆಯೂ ಇಲ್ಲ, ಮೂಡಣದ ಕಲ್ಲು ಹೋದದ್ದು ಮಳೆಗಾಳಿಗಲ್ಲ ಎಂದು ಎರಡು ಪುಟ ಬರೆದು ರಿಜಿಸ್ಟರ್ ಮಾಡಿ ಕಳಿಸಿದ.

ಕಚೇರಿ ಇದನ್ನು ಬಹಳ ಆಳವಾಗಿ ಪರಿಶೀಲಿಸಿತು. ಸದರಿ ವಿಜ್ಞಾನಿಯು ತನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲವೆಂದು ತಾನೇ ಒಪ್ಪಿಕೊಂಡಿರುವುದರಿಂದ ಆತನ ಪಂಚನಾಮೆಯನ್ನು ರದ್ದುಪಡಿಸಲಾಗಿದೆ. ದೂರು ಕೂಡ ಬೆಲೆಯಿಲ್ಲದ ಅದೇ ವಿಜ್ಞಾನಿಯ ಅಭಿಪ್ರಾಯವೇ ಆಗಿರುವುದರಿಂದ ಅದನ್ನೂ ರದ್ದುಪಡಿಸಲಾಗಿದೆ ಎಂದು ಆದೇಶವಾಯಿತು. ಎಲ್ಲರಿಗೂ ಸಮಾಧಾನವಾಯಿತು. ತೊಂದರೆ ಗೊತ್ತಾದದ್ದು ಬಸಲಿಂಗಪ್ಪನ ಪರವಾನಗಿ ನವೀಕರಣಕ್ಕೆ ಹೋದಾಗ. ಅದಕ್ಕೆ ವಿಜ್ಞಾನಿಯ ವರದಿ ಬೇಕು. ಹಳೆಯ ವರದಿ ರದ್ದಾಗಿದೆ. ಹೊಸ ವರದಿ ಕೊಡಬೇಕಾದ ಭೂವಿಜ್ಞಾನಿಯ ಹುದ್ದೆ ಆರು ವರ್ಷದಿಂದ ಖಾಲಿ. ವಿಜ್ಞಾನಿ ಬರುವವರೆಗೆ ಒಂದು ಕಲ್ಲೂ ಎತ್ತುವಂತಿಲ್ಲ ಎಂದು ಲಗಮಪ್ಪ ಕೈ ಚೆಲ್ಲಿದ. ಬಸಲಿಂಗಪ್ಪ ಜೆಸಿಬಿಯನ್ನು ಕಬ್ಬಿನ ಹೊಲಕ್ಕೆ ಬಾಡಿಗೆಗೆ ಕೊಟ್ಟ.

2008ರಲ್ಲಿ ಆ ಹುದ್ದೆಗೆ ಅರ್ಜಿ ಕರೆದರು. ಭೀಮಶಿ ಈಗ ಡಾಕ್ಟರೇಟ್ ಮುಗಿಸುವುದರಲ್ಲಿದ್ದ. ಜಿಲ್ಲೆಯಲ್ಲಿ ಅಂಥ ಅರ್ಹತೆ ಇದ್ದವನು ಆತ ಒಬ್ಬನೇ. ಸರಕಾರಿ ನೌಕರಿ, ಕ್ವಾರ್ಟರ್ಸು, ಜೀಪು. ಶಟ್ಟೆಪ್ಪ ಅರ್ಜಿ ನಮೂನೆ ತಂದ, ಕಾಡವ್ವ ಹರಕೆ ಹೊತ್ತಳು, ಸೋಮಪ್ಪ ಝೆರಾಕ್ಸ್ ಪುಕ್ಕಟೆ ಎಂದ. ಬಸಲಿಂಗಪ್ಪ ಕೂಡ ಒಂದು ದಿನ ಜೀಪಿನಲ್ಲಿ ಬಂದು, ನಿಮ್ಮಂಥಾವ್ರು ಬರಬೇಕು ಎಂದು ಕೈ ಮುಗಿದು ಹೋದ.

ಕೊನೆಯ ತಾರೀಕಿನ ದಿನ ಭೀಮಶಿ ನಮೂನೆ ತುಂಬಿ, ಫೋಟೊ ಅಂಟಿಸಿ, ಲಕೋಟೆಗೆ ಹಾಕಿ ಹೊರಟ. ಅಂಚೆ ಪೆಟ್ಟಿಗೆಯ ಮುಂದೆ ತುಸು ಹೊತ್ತು ನಿಂತ. ಆಮೇಲೆ ರಾಮದುರ್ಗದ ಬಸ್ಸು ಹತ್ತಿ ಬೋಳಗುಡ್ಡದಲ್ಲಿ ಇಳಿದು, ಹಳ್ಳದ ದಂಡೆಯಲ್ಲಿ ಗೆರೆಯ ಎದುರು ಕೂತು, ಲಕೋಟೆ ಹಾಸಿಕೊಂಡು ಬುತ್ತಿ ಬಿಚ್ಚಿದ. ಶೇಂಗಾ ಚಟ್ನಿಯ ಎಣ್ಣೆ ಇಳಿದು ತನ್ನ ಹೆಸರು, ವಿದ್ಯಾರ್ಹತೆ ಎಲ್ಲ ಅಳಿಸಿಹೋಗುವವರೆಗೆ ಸಾವಕಾಶವಾಗಿ ಉಂಡ.

ಅರ್ಜಿ ಯಾಕೆ ಹಾಕಲಿಲ್ಲ ಎಂದು ಮನೆಯಲ್ಲಿ ಕೇಳಿದಾಗ, ಆ ಕುರ್ಚಿಯಲ್ಲಿ ಕೂತರೆ ಮತ್ತೆ ಸಹಿ ಮಾಡಬೇಕಾದೀತು, ಖಾಲಿ ಇದ್ದರೆ ಒಂದು ಕಲ್ಲೂ ಏಳುವುದಿಲ್ಲ ಎಂದು ಆತ ಕಾರಣ ಹೇಳಿದ. ಮಗನಿಗೆ ಕಲ್ಲು ಓದಿ ಓದಿ ತಲೆ ಕೆಟ್ಟಿದೆ ಎಂದು ಕಾಡವ್ವ ಓಣಿಯಲ್ಲಿ ಹೇಳಿ ಅತ್ತಳು. ಹುದ್ದೆ ಖಾಲಿಯೇ ಉಳಿಯಿತು. ಗುಡ್ಡವೂ ಉಳಿಯಿತು.